ಅಪ್ಪ ಅಮ್ಮನನ್ನು ಟ್ರಿನಿಡಾಡ್‌ಗೆ ಕರೆದುಕೊಂಡು ಹೋಗಬೇಕು, ತಿಳಿದವರು ಹೇಳಿ

ಭದ್ರಾ_ನದಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ, ಊರು ಭದ್ರಾವತಿ. 2027ರ ಜನವರಿಗೆ ಅಪ್ಪ (65) ಮತ್ತು ಅಮ್ಮ (61) ನಮ್ಮ ಮನೆಗೆ ಬರುತ್ತಿದ್ದಾರೆ. ಇಬ್ಬರನ್ನೂ ಒಂದು ವಾರ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ಗೆ ಕರೆದುಕೊಂಡು ಹೋಗುವ ಆಸೆ.

ಯಾಕೆ ಟ್ರಿನಿಡಾಡ್ ಅಂದರೆ ಎರಡು ಕಾರಣ. ಅಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಭಕ್ತೆ. ಸ್ವಾಮೀಜಿಯವರ ಆಶ್ರಮದ್ದೇ ದತ್ತಾತ್ರೇಯ ದೇವಸ್ಥಾನ ಮತ್ತು 85 ಅಡಿ ಎತ್ತರದ ಹನುಮಂತನ ಮೂರ್ತಿ ಅಲ್ಲಿನ ಕಾರಪಿಚೈಮ ಎಂಬ ಊರಿನಲ್ಲಿದೆ. ಅದನ್ನು ನೋಡಬೇಕು ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಅಪ್ಪನಿಗೆ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ ನೋಡಬೇಕು. ಭದ್ರಾವತಿಯವರಿಗೆ ಬೇರೆ ಹೇಳಬೇಕಿಲ್ಲ, ನಮ್ಮೂರಿನ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ (ವಿಶಿ)!

ಪ್ಲಾನ್ ಹೀಗಿದೆ. ಫೆಬ್ರವರಿ 6ಕ್ಕೆ ನ್ಯೂಯಾರ್ಕ್‌ನಿಂದ ಹೊರಟು 13ಕ್ಕೆ ವಾಪಸ್. 15ಕ್ಕೆ ಅಪ್ಪ ಅಮ್ಮ ಬೆಂಗಳೂರಿಗೆ ವಿಮಾನ ಹತ್ತುತ್ತಾರೆ. ನಾನು, ಹೆಂಡತಿ, 5 ವರ್ಷದ ಮಗನೂ ಹೋಗುತ್ತೇವೆ. ವೀಸಾ, ಊಟ (ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು), ಓಡಾಟ, ಸುರಕ್ಷತೆ, ಏನು ಗೊತ್ತಿದ್ದರೂ ಹೇಳಿ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಚಿಕ್ಕಪೇಟೆ_ಹುಡುಗ

ಭಾರತದ ಪಾಸ್‌ಪೋರ್ಟ್‌ಗೆ ಅಲ್ಲಿ ವೀಸಾ ಬೇಡ. ಪ್ರವಾಸಕ್ಕೆ 90 ದಿನದವರೆಗೆ ಇರಬಹುದು. ವಾಪಸ್ ಟಿಕೆಟ್, ಉಳಿಯುವ ಜಾಗದ ವಿಳಾಸ ಎರಡನ್ನೂ ಕೈಯಲ್ಲೇ ಇಟ್ಟುಕೊಳ್ಳಿ. ಅಷ್ಟೇ, ಆರಾಮಾಗಿ ಹೋಗಿ ಬನ್ನಿ.

ಕುಂದಾಪ್ರದವಳು

ಫೆಬ್ರವರಿ 6ರಿಂದ 13ರವರೆಗಾ? ಒಂದು ನಿಮಿಷ ನಿಲ್ಲಿ ಮಾರಾಯ್ರೆ. ಅಲ್ಲಿನ ದೊಡ್ಡ ಬೀದಿ ಹಬ್ಬ ಕಾರ್ನಿವಲ್ 2027ರಲ್ಲಿ ಫೆಬ್ರವರಿ 8 ಮತ್ತು 9ಕ್ಕೆ. ಕ್ರೈಸ್ತರ ಬೂದಿ ಬುಧವಾರದ ಹಿಂದಿನ ಸೋಮವಾರ, ಮಂಗಳವಾರ. ಆ ವಾರ ಹೋಟೆಲ್ ದರ ಎಲ್ಲಿಗೋ ಹೋಗುತ್ತದೆ, ಎಷ್ಟೋ ಕಡೆ ರೂಮೇ ಸಿಗುವುದಿಲ್ಲ. ಸೋಮವಾರ ಬೆಳಗಾಗುವ ಮೊದಲೇ ಜುವೆ ಶುರು. ಮೈಗೆಲ್ಲ ಕೆಸರು, ಬಣ್ಣ ಬಳಿದುಕೊಂಡು ಬೀದಿಯಲ್ಲಿ ಕುಣಿಯುತ್ತಾರೆ. ಕುಣಿಯುವವರಿಗೆ ಸ್ವರ್ಗ. ದೇವಸ್ಥಾನ ನೋಡಲು ಬಂದ ಹಿರಿಯರಿಗೆ ರಸ್ತೆ ದಾಟುವುದೇ ಕಷ್ಟ.

ಭದ್ರಾ_ನದಿ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಟಿಕೆಟ್ ದರ ಯಾಕಿಷ್ಟು ಜಾಸ್ತಿ ಅಂತ ಯೋಚಿಸುತ್ತಿದ್ದೆ. ಥ್ಯಾಂಕ್ಸ್ ಅಕ್ಕ.

ದಾಸರಹಳ್ಳಿ_ಡಾಕ್ಟ್ರು

ಕಾರ್ನಿವಲ್‌ಗಿಂತ ದೊಡ್ಡ ವಿಷಯ ಒಂದಿದೆ, ಯಾರೂ ಹೇಳಲಿಲ್ಲ. ಹಳದಿ ಜ್ವರ, ಅಂದರೆ ಯೆಲ್ಲೋ ಫೀವರ್.

ಹಳದಿ ಜ್ವರದ ಅಪಾಯ ಇರುವ ದೇಶಗಳ ಪಟ್ಟಿ ನಮ್ಮ ಆರೋಗ್ಯ ಇಲಾಖೆಯ ಬಳಿ ಇದೆ. ಅದರಲ್ಲಿ ಟ್ರಿನಿಡಾಡ್ ಹೆಸರೂ ಇದೆ. ಟ್ರಿನಿಡಾಡ್ ಮಾತ್ರ, ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೊ ಅಲ್ಲ. ಅಲ್ಲಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬರುವವರು ಲಸಿಕೆ ಕಾರ್ಡ್ ತೋರಿಸಬೇಕು. ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ನೀವು 13ಕ್ಕೆ ಟ್ರಿನಿಡಾಡ್ ಬಿಟ್ಟು, 15ಕ್ಕೆ ಅಪ್ಪ ಅಮ್ಮನನ್ನು ಬೆಂಗಳೂರಿನ ವಿಮಾನ ಹತ್ತಿಸುತ್ತೀರಿ. ನೇರವಾಗಿ ಈ ನಿಯಮದೊಳಗೆ ಬರುತ್ತೀರಿ.

ಚಿಕ್ಕಪೇಟೆ_ಹುಡುಗ

ಡಾಕ್ಟ್ರೇ, ಅವರು ಅಮೆರಿಕಕ್ಕೆ ವಾಪಸ್ ಬಂದು ಅಲ್ಲಿಂದ ತಾನೇ ಹೊರಡುವುದು? ನಾನು ಹೋಗಿ ಬಂದಾಗ ಯಾರೂ ಏನೂ ಕೇಳಲಿಲ್ಲ.

ದಾಸರಹಳ್ಳಿ_ಡಾಕ್ಟ್ರು

ನೀವು ಅಮೆರಿಕದಲ್ಲೇ ಉಳಿದಿರಿ. ಅಮೆರಿಕ ಈ ಕಾರ್ಡ್ ಕೇಳುವುದಿಲ್ಲ, ಭಾರತ ಕೇಳುತ್ತದೆ. ಯಾವ ಊರಿನ ಮೂಲಕ ಬಂದಿರಿ ಅನ್ನುವುದಲ್ಲ ಪ್ರಶ್ನೆ. ಟ್ರಿನಿಡಾಡ್ ಬಿಟ್ಟು 6 ದಿನ ಆಯಿತಾ ಇಲ್ಲವಾ, ಅಷ್ಟೇ ಲೆಕ್ಕ.

ಗದಗಿನ_ಗಾಳಿ

ಹಾಗಾದ್ರೆ ಲಸಿಕೆ ಹಾಕಿಸಿಕೊಂಡರೆ ಆಯಿತಲ್ಲ? ಒಂದು ಸೂಜಿ ತಾನೇ.

ದಾಸರಹಳ್ಳಿ_ಡಾಕ್ಟ್ರು

ಅಷ್ಟು ಸುಲಭ ಅಲ್ಲ, ದಯವಿಟ್ಟು ಹೀಗೆ ಹೇಳಬೇಡಿ. ಇದು ಜೀವಂತ ವೈರಸ್‌ನಿಂದ ಮಾಡಿದ ಲಸಿಕೆ. 60 ದಾಟಿದವರಿಗೆ ಮೊದಲ ಸಲ ಕೊಡುವಾಗ ಗಂಭೀರ ಅಡ್ಡ ಪರಿಣಾಮದ ಅಪಾಯ ಬೇರೆಯವರಿಗಿಂತ ಹೆಚ್ಚು. ಮೊಟ್ಟೆಯ ಅಲರ್ಜಿ ಇರುವವರಿಗೆ, ರೋಗ ನಿರೋಧಕ ಶಕ್ತಿ ಕುಗ್ಗಿರುವವರಿಗೆ ಕೊಡುವುದಿಲ್ಲ. ಕೊಡಬಹುದಾ ಬೇಡವಾ ಅನ್ನುವುದನ್ನು ಅವರನ್ನು ಪರೀಕ್ಷೆ ಮಾಡಿದ ವೈದ್ಯರು ಹೇಳಬೇಕು. ಕೊಟ್ಟರೂ ಕಾರ್ಡ್ ಚಾಲ್ತಿಗೆ ಬರುವುದು 10 ದಿನ ಆದ ಮೇಲೆ. ಆಮೇಲೆ ಜೀವನ ಪೂರ್ತಿ ನಡೆಯುತ್ತದೆ. ಭಾರತದಲ್ಲಿ ಎಲ್ಲ ಕ್ಲಿನಿಕ್‌ನಲ್ಲೂ ಇದು ಸಿಗುವುದಿಲ್ಲ, ಕೇಂದ್ರ ಸರ್ಕಾರದ ಪಟ್ಟಿಯಲ್ಲಿರುವ ಲಸಿಕಾ ಕೇಂದ್ರಕ್ಕೇ ಹೋಗಬೇಕು.

ಇನ್ನೂ ಒಂದು ಮಾತು. ಕಾರ್ಡ್ ಬೇರೆ, ಕಾಯಿಲೆಯಿಂದ ರಕ್ಷಣೆ ಬೇರೆ. ಟ್ರಿನಿಡಾಡ್‌ನ ದಟ್ಟ ಕಾಡಿಗೆ ಹೋಗುವವರಿಗೆ ಈ ಲಸಿಕೆ ಹಾಕಿಸಿಕೊಳ್ಳಲು ಹೇಳುತ್ತಾರೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲೇ ಇರುವವರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ.

ನನ್ನ ಸಲಹೆ ಕೇಳಿದರೆ, ಟ್ರಿನಿಡಾಡ್ ಪ್ರವಾಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮಧ್ಯದಲ್ಲಿ ಇಡಿ. ಬಂದ ಮೇಲೆ ಅಪ್ಪ ಅಮ್ಮ ನಿಮ್ಮ ಮನೆಯಲ್ಲಿ ಎರಡು ವಾರ ಇದ್ದು ಹೊರಟರೆ ಈ ತಲೆನೋವೇ ಇಲ್ಲ.

ಭದ್ರಾ_ನದಿ

ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಪ್ಪನಿಗೆ ಶುಗರ್ ಬೇರೆ ಇದೆ. ಅವರನ್ನು 6 ದಿನ ಎಲ್ಲೋ ಇಟ್ಟರೆ ಅಂತ ಯೋಚಿಸಿದರೇ ಹೊಟ್ಟೆ ಕಲಸುತ್ತದೆ. ವಾಪಸ್ ಹೋಗುವ ದಿನ ಮುಂದಕ್ಕೆ ಹಾಕುತ್ತೇನೆ.

ಹೂಸ್ಟನ್_ಹವ್ಯಕ

ನಿಮ್ಮದು ಅಮೆರಿಕದ ಯಾವ ವೀಸಾ? ಪಾಸ್‌ಪೋರ್ಟ್‌ನಲ್ಲಿ ಅದರ ಸ್ಟಾಂಪ್ ಚಾಲ್ತಿಯಲ್ಲಿ ಇದೆಯಾ?

ಭದ್ರಾ_ನದಿ

ಎಚ್-1ಬಿ, ಕೆಲಸದ ವೀಸಾ. ಸ್ಟಾಂಪ್ ಮುಗಿದು ಒಂದೂವರೆ ವರ್ಷ ಆಯಿತು. ಎಕ್ಸ್‌ಟೆನ್ಷನ್ ಆಗಿ ಐ-797 ಅನುಮತಿ ಪತ್ರ ಕೈಯಲ್ಲಿದೆ. 30 ದಿನದೊಳಗೆ ವಾಪಸ್ ಬಂದರೆ ಹಳೇ ಸ್ಟಾಂಪ್ ನಡೆಯುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಹೆಂಡತಿ ಓದುತ್ತಿದ್ದಾಳೆ, ಎಫ್-1, ಅವಳ ಸ್ಟಾಂಪ್ ಸರಿ ಇದೆ. ಮಗ ಇಲ್ಲೇ ಹುಟ್ಟಿದವನು.

ಹೂಸ್ಟನ್_ಹವ್ಯಕ

ಅವರು ಹೇಳಿದ್ದು ಅರ್ಧ ಸತ್ಯ. ಆ ನಿಯಮದ ಹೆಸರು ಆಟೋಮ್ಯಾಟಿಕ್ ರಿವ್ಯಾಲಿಡೇಷನ್. ಎಚ್-1ಬಿಯವರಿಗೆ ಅದು ಕೆನಡಾ, ಮೆಕ್ಸಿಕೊ ಎರಡಕ್ಕೆ ಮಾತ್ರ. ಅಕ್ಕಪಕ್ಕದ ದ್ವೀಪಗಳಿಗೂ ಈ ಸೌಲಭ್ಯ ಇರುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ಆ ದ್ವೀಪಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ, ಬಾರ್ಬಡೋಸ್ ಇದೆ, ಜಮೈಕಾ ಇದೆ. ಆದರೆ ನಿಮಗೆ ಅದು ಅನ್ವಯಿಸುವುದಿಲ್ಲ. ಮುಗಿದ ಸ್ಟಾಂಪ್ ಇಟ್ಟುಕೊಂಡು ನೀವು ಟ್ರಿನಿಡಾಡ್‌ಗೆ ಹೋದರೆ ವಾಪಸ್ ವಿಮಾನ ಹತ್ತಲು ಬಿಡುವುದಿಲ್ಲ.

ಗದಗಿನ_ಗಾಳಿ

ಅಲ್ಲ ಸರ್, ನನ್ನ ಗೆಳೆಯ ಬಹಾಮಾಸ್‌ಗೆ ಹೋಗಿ ಬಂದ. ಏನೂ ತೊಂದರೆ ಆಗಲಿಲ್ಲ.

ಹೂಸ್ಟನ್_ಹವ್ಯಕ

ಅವರು ಆಗ ವಿದ್ಯಾರ್ಥಿ ಆಗಿದ್ದರಾ? ಕೇಳಿ ನೋಡಿ.

ಗದಗಿನ_ಗಾಳಿ

ಕೇಳಿದೆ. ಹೌದು, ಆಗ ಎಫ್-1ರಲ್ಲಿ ಇದ್ದನಂತೆ. ನನ್ನದೇ ತಪ್ಪು, ನೀವು ಹೇಳಿದ್ದು ಸರಿ.

ಹೂಸ್ಟನ್_ಹವ್ಯಕ

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಪರಿಚಯದ ಒಂದು ಕುಟುಂಬ ಹೀಗೇ ಒಂದು ದ್ವೀಪಕ್ಕೆ ಹೋಗಿತ್ತು. ಗಂಡ ವಾಪಸ್ ಬರಲಾಗದೆ ಅಲ್ಲಿಂದ ಇಂಡಿಯಾಗೆ ಹೋಗಿ ಸ್ಟಾಂಪಿಂಗ್‌ಗೆ ಕಾದರು. ಹೆಂಡತಿ ಎರಡು ಮಕ್ಕಳನ್ನು ಕರೆದುಕೊಂಡು ಒಬ್ಬರೇ ಬಂದರು. ಮಕ್ಕಳು ಏರ್‌ಪೋರ್ಟ್‌ನಲ್ಲಿ ಅತ್ತಿದ್ದು ಇವತ್ತಿಗೂ ಅವರಿಗೆ ನೋವಿನ ವಿಷಯ. ನಿಮ್ಮ ವಕೀಲರ ಹತ್ತಿರ ಮಾತಾಡದೆ ಟಿಕೆಟ್ ಮಾಡಬೇಡಿ.

ನಿಮ್ಮ ಹೆಂಡತಿಯವರಿಗೆ ಕಾಲೇಜು ಕೊಡುವ ಐ-20 ಪತ್ರದಲ್ಲಿ ಟ್ರಾವೆಲ್ ಸಹಿ ಹಾಕಿಸಿಕೊಳ್ಳಲು ಹೇಳಿ. ಅಪ್ಪ ಅಮ್ಮನದು ಬಿ-2 ಪ್ರವಾಸಿ ವೀಸಾ, ಮಲ್ಟಿಪಲ್ ಎಂಟ್ರಿ ಇರಬೇಕಲ್ಲ, ಚಾಲ್ತಿಯಲ್ಲಿದ್ದರೆ ಅದರಲ್ಲೇ ವಾಪಸ್ ಬರಬಹುದು. ಎಷ್ಟು ದಿನ ಇರಲು ಬಿಡಬೇಕು ಅನ್ನುವುದು ಮಾತ್ರ ಇಳಿದಾಗ ಅಧಿಕಾರಿಯ ಕೈಯಲ್ಲಿ.

ಭದ್ರಾ_ನದಿ

ಓದಿ ಸುಮ್ಮನೆ ಕುಳಿತಿದ್ದೇನೆ. ಹೆಂಡತಿಗೂ ತೋರಿಸಿದೆ. ನಾಳೆ ವಕೀಲರಿಗೆ ಫೋನ್ ಮಾಡುತ್ತೇನೆ.

ಸ್ಪಿನ್_ಪ್ರೇಮಿ

ಬೇಜಾರು ಮಾಡಿಕೊಳ್ಳಬೇಡಿ. ಈಗ ಓವಲ್ ವಿಷಯ. ವಿಶಿ ಅಲ್ಲಿ ಶತಕ ಹೊಡೆದಿದ್ದು 1971ರಲ್ಲಿ ಅಲ್ವಾ?

ಕಾವೇರಿ_ತೀರ

ಅಲ್ಲ, 1976ರ ಏಪ್ರಿಲ್. 1971 ಗವಾಸ್ಕರ್ ಮೊದಲ ಸರಣಿ. 1976ರಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ನಮಗೆ 403 ರನ್ ಗುರಿ ಕೊಟ್ಟರು. ಕೊನೇ ದಿನ ನಾವು 4 ವಿಕೆಟ್‌ಗೆ 406. ಗವಾಸ್ಕರ್ 102, ಮೊಹಿಂದರ್ 85, ನಮ್ಮ ವಿಶಿ 112. ಕೊನೆಯಲ್ಲಿ ಔಟಾಗದೆ 49 ಹೊಡೆದು ಮುಗಿಸಿದ್ದು ಬ್ರಿಜೇಶ್ ಪಟೇಲ್, ಅವರೂ ನಮ್ಮವರೇ. ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 6 ವಿಕೆಟ್. ಅರ್ಧ ಪಂದ್ಯವನ್ನು ಕರ್ನಾಟಕದವರೇ ಆಡಿದ್ದಾರೆ ಅಂದರೂ ತಪ್ಪಿಲ್ಲ! ಟೆಸ್ಟ್‌ನಲ್ಲಿ ನಾಲ್ಕನೇ ಇನಿಂಗ್ಸ್‌ನಲ್ಲಿ ಗೆಲ್ಲಲು ಯಾರೂ ಅಲ್ಲಿಯವರೆಗೆ ಅಷ್ಟು ರನ್ ಹೊಡೆದಿರಲಿಲ್ಲ. ಆ ದಾಖಲೆ 2003ರವರೆಗೆ ನಿಂತಿತ್ತು.

ಭದ್ರಾ_ನದಿ

ಅಪ್ಪನಿಗೆ ಆಗ 14 ವರ್ಷ. ಕಬ್ಬಿಣದ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಯಾರ ಮನೆಗೋ ಬರುತ್ತಿದ್ದ ಪೇಪರ್‌ನಲ್ಲಿ ಸ್ಕೋರ್ ಓದಲು ಸಾಲು ನಿಲ್ಲುತ್ತಿದ್ದರಂತೆ. 112 ಅನ್ನುವುದನ್ನು ಈಗಲೂ ತಮ್ಮ ಹುಟ್ಟಿದ ದಿನದ ಹಾಗೆ ಹೇಳುತ್ತಾರೆ.

ಸ್ಪಿನ್_ಪ್ರೇಮಿ

ಅದೇ ಮೈದಾನದಲ್ಲಿ 2007ರ ವಿಶ್ವಕಪ್‌ನಲ್ಲಿ ಬಾಂಗ್ಲಾ ಮತ್ತು ಶ್ರೀಲಂಕಾ ಎದುರು ಸೋತು ದ್ರಾವಿಡ್ ತಂಡ ಮನೆಗೆ ಬಂತು. ಅದನ್ನು ನಿಮ್ಮ ಅಪ್ಪನ ಮುಂದೆ ನೆನಪಿಸಬೇಡಿ.

ಟ್ರಿನಿ_ಮೈಸೂರು

ತಡವಾಗಿ ನೋಡಿದೆ. ನಾನು 9 ವರ್ಷದಿಂದ ಇಲ್ಲಿ ಸೇಂಟ್ ಅಗಸ್ಟಿನ್‌ನಲ್ಲಿ ಇದ್ದೇನೆ. ಊರು ಮೈಸೂರು. ವೀಸಾ, ಲಸಿಕೆ ವಿಷಯ ಮೇಲೆ ಹೇಳಿದವರು ಸರಿಯಾಗೇ ಹೇಳಿದ್ದಾರೆ. ಇಲ್ಲಿನ ವಿಷಯ ನಾನು ಹೇಳುತ್ತೇನೆ.

ಮೊದಲು ಊಟ. ಸಸ್ಯಾಹಾರಿಗಳಿಗೆ ಕೆರಿಬಿಯನ್‌ನಲ್ಲಿ ಇದಕ್ಕಿಂತ ಒಳ್ಳೆಯ ದ್ವೀಪ ನನಗೆ ಗೊತ್ತಿಲ್ಲ. ಬೆಳಗ್ಗೆ ರಸ್ತೆ ಬದಿಯಲ್ಲಿ ಡಬಲ್ಸ್ ಮಾರುತ್ತಾರೆ. ಎಣ್ಣೆಯಲ್ಲಿ ಕರಿದ ಎರಡು ಮೆತ್ತನೆ ರೊಟ್ಟಿ (ಬಾರಾ), ಮಧ್ಯೆ ಕಾಬೂಲ್ ಕಡಲೆಯ ಪಲ್ಯ, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ. ನಿಂತೇ ತಿನ್ನಬೇಕು. ಖಾರ ಎಷ್ಟು ಅಂತ ಕೇಳುತ್ತಾರೆ. 'ಸ್ಲೈಟ್' ಅನ್ನಿ. ನಾವು ಬ್ಯಾಡಗಿ, ಗುಂಟೂರು ತಿಂದವರು ಅಂತ ಧೈರ್ಯ ಮಾಡಬೇಡಿ. ಜಗತ್ತಿನಲ್ಲೇ ಅತಿ ಖಾರದ ಮೆಣಸಿನಕಾಯಿಗಳಲ್ಲಿ ಒಂದಾದ ಮೊರುಗಾ ಸ್ಕಾರ್ಪಿಯನ್ ಈ ದ್ವೀಪದ್ದೇ.

ರೊಟ್ಟಿ ಅಂಗಡಿಯಲ್ಲಿ 'ಸಾದಾ ರೊಟ್ಟಿ' ಜೊತೆ ಬೈಗನ್ ಚೋಕಾ ಕೇಳಿ. ಕೆಂಡದಲ್ಲಿ ಸುಟ್ಟ ಬದನೆಕಾಯಿಗೆ ಬೆಳ್ಳುಳ್ಳಿ ಹಾಕಿ ಮಾಡುತ್ತಾರೆ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಸೋದರ ಸಂಬಂಧಿ. ಒಳಗೆ ಬೇಳೆ ಪುಡಿ ತುಂಬಿದ ಧಾಲ್‌ಪುರಿ ಇದೆ, ಕುಂಬಳಕಾಯಿ ಪಲ್ಯ ಇದೆ, ದಾಶೀನ್ (ಕೆಸುವು) ಎಲೆಯ ಭಾಜಿ ಇದೆ. ಆದರೆ ಅದೇ ಅಂಗಡಿಯಲ್ಲಿ ಕೋಳಿ, ಮೇಕೆ ಮಾಂಸವೂ ಇರುತ್ತದೆ, ಚಮಚ ಒಂದೇ ಇರಬಹುದು. ಅಮ್ಮನಿಗೆ ಅದು ಆಗದಿದ್ದರೆ ಮೊದಲೇ ಕೇಳಿ. ಚಗ್ವಾನಾಸ್ ಕಡೆ ಸಸ್ಯಾಹಾರದ್ದೇ ಅಂಗಡಿಗಳು ಸಿಗುತ್ತವೆ.

ಓಡಾಟ. ಇಲ್ಲಿ ಎಡಗಡೆ ಗಾಡಿ ಓಡಿಸುತ್ತಾರೆ, ನಮ್ಮ ಊರಿನ ಹಾಗೆ. ಅಮೆರಿಕದಲ್ಲಿ ರೂಢಿಯಾದವರಿಗೆ ಮೊದಲ ದಿನ ಕಷ್ಟ. ಹಿರಿಯರು, ಮಗು ಇರುವುದರಿಂದ ಉಳಿಯುವ ಮನೆಯವರ ಮೂಲಕ ಒಬ್ಬ ಡ್ರೈವರ್ ಗೊತ್ತು ಮಾಡಿಕೊಳ್ಳಿ. ಟ್ಯಾಕ್ಸಿ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗಬೇಕು. 'ಪಿ' ಇದ್ದರೆ ಖಾಸಗಿ ಕಾರು.

ಚಿಕ್ಕಪೇಟೆ_ಹುಡುಗ

ಪಿಎಚ್ ಕಾರಲ್ಲಿ, ಅಂದರೆ ಬಾಡಿಗೆಗೆ ಓಡಿಸುವ ಆ 'ಪಿ' ಕಾರಲ್ಲಿ, ನಾನು ತುಂಬಾ ಓಡಾಡಿದ್ದೇನೆ. ಎಲ್ಲರೂ ಹೋಗುತ್ತಾರೆ, ಕಮ್ಮಿ ದುಡ್ಡು.

ಟ್ರಿನಿ_ಮೈಸೂರು

ಇಲ್ಲಿನವರು ಹೋಗುತ್ತಾರೆ ನಿಜ. ಅವರಿಗೆ ಮುಖ ಪರಿಚಯ ಇರುತ್ತದೆ. ಹೊಸಬರು ಹತ್ತಬೇಡಿ, ಅದು ಕಾನೂನುಬಾಹಿರ. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರಿಗೆ ಈ ಸಲಹೆ ಕೊಡಬೇಡಿ ತಮ್ಮಾ. ಕಮ್ಮಿ ದುಡ್ಡಿಗೆ ಮ್ಯಾಕ್ಸಿ ಟ್ಯಾಕ್ಸಿ ಇದೆ. ಬಿಳಿ ವ್ಯಾನು, ಪಕ್ಕದಲ್ಲಿ ಬಣ್ಣದ ಪಟ್ಟಿ. ಕೆಂಪು ಪಟ್ಟಿ ಪೂರ್ವದ ಕಡೆ, ಹಸಿರು ಚಗ್ವಾನಾಸ್ ಮತ್ತು ಸ್ಯಾನ್ ಫರ್ನಾಂಡೊ ಕಡೆ, ಹಳದಿ ಪೋರ್ಟ್ ಆಫ್ ಸ್ಪೇನ್ ಸುತ್ತಮುತ್ತ. ಪೋರ್ಟ್ ಆಫ್ ಸ್ಪೇನ್‌ನ ಸಿಟಿ ಗೇಟ್ ಅಂದರೆ ನಮ್ಮ ಮೆಜೆಸ್ಟಿಕ್ ಇದ್ದ ಹಾಗೆ. ಹತ್ತುವಾಗ 'ಗುಡ್ ಮಾರ್ನಿಂಗ್' ಅನ್ನಬೇಕು. ಅಂಗಡಿಗೆ ಹೋದರೂ ಅಷ್ಟೇ. ಸುಮ್ನೆ ಹೋಗಿ ಬೆಲೆ ಕೇಳಿದರೆ ಒರಟು ಅಂದುಕೊಳ್ಳುತ್ತಾರೆ. ರಾತ್ರಿ ಭೇಟಿಯಾದಾಗಲೇ 'ಗುಡ್ ನೈಟ್' ಅನ್ನುತ್ತಾರೆ, ಅದು ಇಲ್ಲಿ ನಮಸ್ಕಾರ.

ಕುಂದಾಪ್ರದವಳು

ಮಗನ ಬಟ್ಟೆ ನೋಡಿ ಪ್ಯಾಕ್ ಮಾಡಿ. ಮಿಲಿಟರಿ ಡಿಸೈನ್ ಚಡ್ಡಿ, ಟೋಪಿ, ಬ್ಯಾಗ್ ಯಾವುದೂ ಬೇಡ. ಅಲ್ಲಿ ಸೈನಿಕರಲ್ಲದವರು ಅದನ್ನು ಹಾಕುವುದು ಅಪರಾಧ, ಮಕ್ಕಳಿಗೂ ಬಿಡುವುದಿಲ್ಲ.

ಭದ್ರಾ_ನದಿ

ಅವನ ಹತ್ತಿರ ಅಂಥ ಎರಡು ಚಡ್ಡಿ ಇವೆ! ತೆಗೆದಿಟ್ಟೆ.

ಗದಗಿನ_ಗಾಳಿ

ಸುರಕ್ಷತೆ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಅಲ್ಲಿ ತುರ್ತು ಪರಿಸ್ಥಿತಿ ಇತ್ತು ಅಂತ ಓದಿದೆ.

ಟ್ರಿನಿ_ಮೈಸೂರು

ಇತ್ತು. 2024ರ ಡಿಸೆಂಬರ್ 30ಕ್ಕೆ ಘೋಷಿಸಿದರು, ಮತ್ತೆ 2025ರ ಜುಲೈಯಲ್ಲಿ. ಗ್ಯಾಂಗ್‌ಗಳ ಗಲಾಟೆ ಕಾರಣ. ಮುಚ್ಚಿಡುವುದಿಲ್ಲ, ಅಪರಾಧ ಇಲ್ಲಿ ನಿಜವಾದ ಸಮಸ್ಯೆ. ಕತ್ತಲಾದ ಮೇಲೆ ಪೋರ್ಟ್ ಆಫ್ ಸ್ಪೇನ್ ಪೇಟೆಯಲ್ಲಿ ನಡೆದಾಡಬೇಡಿ. ಲಾವಂಟಿಲ್ ಕಡೆ ಹೋಗಬೇಡಿ. ಅಮ್ಮನ ಮಾಂಗಲ್ಯ ಸರ, ಬಳೆ ನ್ಯೂಜೆರ್ಸಿಯಲ್ಲೇ ಇರಲಿ. ಟಿಕೆಟ್ ಮಾಡುವ ಮೊದಲು ಒಂದು ಸಲ, ಹೊರಡುವ ವಾರ ಇನ್ನೊಂದು ಸಲ ಸರ್ಕಾರದ ಎಚ್ಚರಿಕೆ ನೋಡಿ. ಪೊಲೀಸ್ 999, ಆಂಬುಲೆನ್ಸ್ 811. ಇಷ್ಟು ಹೇಳಿಯೂ ಹೇಳುತ್ತೇನೆ, ನನ್ನ ಅಪ್ಪ ಅಮ್ಮ ಎರಡು ಸಲ ಬಂದು ಸಂತೋಷವಾಗಿ ಹೋದರು.

ಇನ್ನು ದೇವಸ್ಥಾನ. ಒಂದೇ ದಿನದಲ್ಲಿ ಹೀಗೆ ಮಾಡಿ. ಬೆಳಗ್ಗೆ ಬಿಸಿಲೇರುವ ಮೊದಲು ಕಾರಪಿಚೈಮ. ನಮ್ಮ ದಕ್ಷಿಣದ ಶೈಲಿಯ ಗೋಪುರ, ಕಂಬ ನೋಡಿ ಅಮ್ಮನಿಗೆ ಮೈಸೂರಿಗೇ ಬಂದ ಹಾಗಾಗುತ್ತದೆ. ಭಾರತದಿಂದ ಬಂದ ಶಿಲ್ಪಿಗಳೇ ಮಾಡಿದ್ದು. ಮೂರ್ತಿ ಪ್ರತಿಷ್ಠೆ ಆಗಿದ್ದು 2003ರಲ್ಲಿ. ಭಾರತದ ಹೊರಗೆ ಇದೇ ಅತಿ ಎತ್ತರದ ಹನುಮಂತ.

ಹೂಸ್ಟನ್_ಹವ್ಯಕ

ಈಗ ಅಲ್ಲ ಸರ್. 2024ರಲ್ಲಿ ನಮ್ಮ ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ 90 ಅಡಿಯದ್ದು ನಿಂತಿದೆ.

ಟ್ರಿನಿ_ಮೈಸೂರು

ಸರಿ, ತಿದ್ದಿಕೊಳ್ಳುತ್ತೇನೆ. ಇಲ್ಲಿ ಇನ್ನೂ ಹಳೇ ಮಾತೇ ಹೇಳುತ್ತಾರೆ.

ಅಲ್ಲಿಂದ ಹತ್ತಿರದಲ್ಲೇ ವಾಟರ್‌ಲೂ. ಸಮುದ್ರದೊಳಗಿನ ಶಿವ ದೇವಸ್ಥಾನ ಇದೆ. ಅದರ ಕಥೆ ಅಪ್ಪ ಅಮ್ಮನಿಗೆ ಮೊದಲೇ ಹೇಳಿ. ಸೇವದಾಸ್ ಸಾಧು ಎಂಬ ಕೂಲಿ ಕಾರ್ಮಿಕ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದ. ಅದನ್ನು ಕೆಡವಿ ಅವನನ್ನು 14 ದಿನ ಜೈಲಿಗೆ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದೂ ಅಲ್ಲವಲ್ಲ ಅಂತ ಅವನು ನೀರೊಳಗೆ ಕಲ್ಲು, ಸಿಮೆಂಟ್ ಹೊತ್ತು ಸುರಿಯುತ್ತಾ ಹೋದ. ಸುಮಾರು 25 ವರ್ಷ, ಒಬ್ಬನೇ. ಈಗಿರುವ ಕಟ್ಟಡ 1995ರದ್ದು. ಒಳಗೆ ಹೋಗಲು ದಾರಿ ಇದೆ, ದೋಣಿ ಬೇಕಿಲ್ಲ. ಅಲ್ಲಿ ನಿಂತರೆ ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ.

ಪಕ್ಕದಲ್ಲೇ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ. 1845ರ ಮೇ 30ಕ್ಕೆ ಫತೆಲ್ ರಜಾಕ್ ಎಂಬ ಹಡಗಿನಲ್ಲಿ ಮೊದಲ ಭಾರತೀಯ ಕೂಲಿಗಳು ಬಂದರು. 1917ರವರೆಗೆ 1.4 ಲಕ್ಷಕ್ಕೂ ಹೆಚ್ಚು ಜನ. ಅವರ ರುಬ್ಬುವ ಕಲ್ಲು, ಪಾತ್ರೆ, ವಾದ್ಯ ಎಲ್ಲ ನೋಡಬಹುದು.

ಕಾವೇರಿ_ತೀರ

ಅವರಲ್ಲಿ ನಮ್ಮ ಕಡೆಯವರು ಇದ್ದರಾ?

ಟ್ರಿನಿ_ಮೈಸೂರು

ಹೆಚ್ಚಿನವರು ಕಲ್ಕತ್ತಾದಿಂದ ಹಡಗು ಹತ್ತಿದ ಬಿಹಾರ, ಉತ್ತರ ಪ್ರದೇಶದವರು. ಅದಕ್ಕೇ ಅಡುಗೆಯ ಮಾತೆಲ್ಲ ಭೋಜ್‌ಪುರಿ. ಮದ್ರಾಸಿನಿಂದ ಬಂದವರೂ ಇದ್ದರು, ಕಮ್ಮಿ.

ಮ್ಯೂಸಿಯಂ ಮುಗಿಸಿ ಊಟ ಮಾಡಿ, ಸಂಜೆ 4ರ ಹೊತ್ತಿಗೆ ಕರೋನಿ ಜೌಗು ಪ್ರದೇಶಕ್ಕೆ ಬನ್ನಿ. ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಸೂರ್ಯ ಮುಳುಗುವಾಗ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಗುಂಪು ಗುಂಪಾಗಿ ಬಂದು ಮರದ ಮೇಲೆ ಕೂರುತ್ತವೆ. ಹಸಿರು ಮರ ಕುಂಕುಮ ಚೆಲ್ಲಿದ ಹಾಗೆ ಆಗುತ್ತದೆ. ಸೊಳ್ಳೆ ಜಾಸ್ತಿ, ಉದ್ದ ತೋಳಿನ ಬಟ್ಟೆ ಹಾಕಿ.

ಚಿಕ್ಕಪೇಟೆ_ಹುಡುಗ

ಲಾ ಬ್ರೇಯ ಡಾಂಬರು ಕೆರೆ ಬಿಡಬೇಡಿ. ಸುಮಾರು 100 ಎಕರೆ, ಭೂಮಿಯಿಂದ ತಾನಾಗೇ ಬರುವ ಡಾಂಬರು. ಗೈಡ್ ಜೊತೆಯಲ್ಲೇ ನಡೆಯಿರಿ, ಕೆಲವು ಕಡೆ ಮೆತ್ತಗಿರುತ್ತದೆ.

ಕುಂದಾಪ್ರದವಳು

ಟೊಬೇಗೊಗೆ ಎರಡು ದಿನ ಇಡಿ. ವಿಮಾನದಲ್ಲಿ 25 ನಿಮಿಷ. ಹಡಗೂ ಇದೆ, ಆದರೆ ಮೂರೂವರೆ ನಾಲ್ಕು ಗಂಟೆ. ಅಲೆ ಜೋರಿದ್ದರೆ ವಾಂತಿ ಖಂಡಿತ. ನಾವು ಕಡಲ ತೀರದವರು, ನಮಗೇ ತಡೆಯಲಿಲ್ಲ. ಗಾಜಿನ ತಳದ ದೋಣಿಯಲ್ಲಿ ಬಕ್ಕೂ ರೀಫ್ ನೋಡಿ, ಆಮೇಲೆ ನೈಲಾನ್ ಪೂಲ್. ಸಮುದ್ರದ ನಡುವೆ ಸೊಂಟದ ಮಟ್ಟದ ತಿಳಿ ನೀರು. ನಿಮ್ಮ ಅಮ್ಮ ಸೀರೆ ಎತ್ತಿ ಕಟ್ಟಿ ಇಳಿಯಬಹುದು.

ಭದ್ರಾ_ನದಿ

ವಕೀಲರ ಹತ್ತಿರ ಮಾತಾಡಿದೆ. ಹೂಸ್ಟನ್_ಹವ್ಯಕ ಸರ್ ಹೇಳಿದ್ದನ್ನೇ ಹೇಳಿದರು. ನಾನು ಹೋಗುವ ಹಾಗಿಲ್ಲ. ಹೆಂಡತಿಗೆ ಮಾರ್ಚ್ ಮಧ್ಯದಲ್ಲಿ ಸ್ಪ್ರಿಂಗ್ ಬ್ರೇಕ್. ಅವಳು, ಮಗ, ಅಪ್ಪ, ಅಮ್ಮ ಹೋಗಿ ಬರುತ್ತಾರೆ. ಅಪ್ಪ ಅಮ್ಮನ ವಾಪಸ್ ಟಿಕೆಟ್ ಏಪ್ರಿಲ್ ಕೊನೆಗೆ. ಅಪ್ಪ ಮೊದಲು 'ನೀನಿಲ್ಲದೆ ಬೇಡ' ಅಂದರು. ನಾನೇ ಒಪ್ಪಿಸಿದೆ. ಲಸಿಕೆ ಬಗ್ಗೆ ಡಾಕ್ಟರ್ ಹತ್ತಿರ ಕೇಳಿಯೇ ಮುಂದಿನದು. ಕಾಡಿನ ಕಡೆ ಹೋಗುವುದಿಲ್ಲ.

ಟ್ರಿನಿ_ಮೈಸೂರು

ಮಾರ್ಚ್ ಒಳ್ಳೆಯದು. ಜನವರಿಯಿಂದ ಮೇವರೆಗೆ ಮಳೆ ಕಮ್ಮಿ. ಫಗ್ವಾ, ಅಂದರೆ ಹೋಳಿ ಸಂಭ್ರಮವೂ ಆಗಲೇ. ಹಣ ಮಾತ್ರ ಬೇಕಾದಷ್ಟೇ ಬದಲಾಯಿಸಿ. ಒಂದು ಅಮೆರಿಕನ್ ಡಾಲರ್‌ಗೆ 6.7ರ ಆಸುಪಾಸು ಇಲ್ಲಿನ ಟಿಟಿ (ಟ್ರಿನಿಡಾಡ್ ಮತ್ತು ಟೊಬೇಗೊ) ಡಾಲರ್ ಬರುತ್ತದೆ, ಉಳಿದರೆ ಹೊರಗೆ ಬದಲಾಯಿಸುವುದು ಕಷ್ಟ. ನಿಮ್ಮ ಮನೆಯವರು ಬರುವ ತಾರೀಖು ಇಲ್ಲೇ ಖಾಸಗಿ ಮೆಸೇಜ್‌ನಲ್ಲಿ ಹಾಕಿ. ಕಾರಪಿಚೈಮಕ್ಕೆ ಹೋಗುವ ದಿನ ನನ್ನ ಹೆಂಡತಿ ಜೊತೆಗೆ ಬರುತ್ತಾಳೆ. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಸಾರು ಅನ್ನ.

ಕಾವೇರಿ_ತೀರ

ನಾನು ಹೋದಾಗ ಪಂದ್ಯ ಇರಲಿಲ್ಲ. ಓವಲ್ ಗೇಟ್ ಹತ್ತಿರ ಕಾವಲಿನವರಿಗೆ ಭಾರತದಿಂದ ಬಂದೆ ಅಂದೆ, ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಸ್ಟ್ಯಾಂಡ್ ಹಿಂದೆ ಹಸಿರು ಬೆಟ್ಟ ಕಾಣಿಸುತ್ತದೆ. ನಿಮ್ಮ ಅಪ್ಪ ಅಲ್ಲಿ ಕುಳಿತಾಗ ಒಂದು ಫೋಟೊ ತೆಗೆಸಿ ಇಲ್ಲಿ ಹಾಕಿ.

ಭದ್ರಾ_ನದಿ

ಖಂಡಿತ ಹಾಕುತ್ತೇನೆ. ಅಪ್ಪ ಆಗಲೇ ಕೇಳಿದರು, 'ವಿಶಿ ರನ್ ಔಟ್ ಆಗಿದ್ದು ಯಾವ ಎಂಡ್‌ನಲ್ಲಿ' ಅಂತ. ಯಾರಿಗಾದರೂ ಗೊತ್ತಿದ್ದರೆ ಹೇಳಿ.